ನಡುಗುವ ಕೈ ಮತ್ತು ಆಸ್ಪತ್ರೆಯ ಬಿಲ್ಲು



ಸಪ್ಲೈಯರನ ಕೈ ನಡುಗಿ ಸಾಂಬಾರು ಚೆಲ್ಲಿದರೆ ಮಾಲಿಕರು ಮೊದಲು ಕೇಳುವುದು, "ಕುಡಿದಿದ್ದೀಯಾ?" ಎಂದು. ಮಗ್ಗದ ಮುಂದೆ ನಿಂತವನ ಪಾಡೂ ಅಷ್ಟೇ. ಕುಡಿಯದವನ ಕೈಯೂ ನಡುಗೀತು. ಪಾರ್ಕಿನ್‌ಸನ್ ಎಂಬ ರೋಗವಿದೆ. ನಮ್ಮ ಆಯುರ್ವೇದದವರು ಕಂಪವಾತವೆನ್ನುತ್ತಾರೆ. ಮಾತ್ರೆಯಲ್ಲಿ ಹಲವು ವರ್ಷ ದೂಡಬಹುದು. ಮಾತ್ರೆ ಸಾಲದಾದಾಗ ಕೆಲವರಿಗೆ ಮಿದುಳಿಗೆ ಸಣ್ಣ ತಂತಿ ಇಳಿಸಿ, ಎದೆಯ ಮೇಲ್ಗಡೆ ಚರ್ಮದಡಿ ಬ್ಯಾಟರಿಯ ಯಂತ್ರವಿಟ್ಟು, ವಿದ್ಯುತ್ತಿನಿಂದ ನಡುಕ ತಗ್ಗಿಸುತ್ತಾರೆ. 1987ರಲ್ಲಿ ಫ್ರಾನ್ಸಿನ ಡಾಕ್ಟರ್ ಬೆನಾಬಿದ್ ತೋರಿಸಿದ ದಾರಿಯಿದು. ದಿಲ್ಲಿಯ ಏಮ್ಸ್‌ನಲ್ಲೂ ನಡೆಯುತ್ತದೆ. ರೋಗ ಹೋಗುವುದಿಲ್ಲ; ಕೈ ಹಿಡಿತಕ್ಕೆ ಬರುತ್ತದೆ.

ಯಂತ್ರದ ಬೆಲೆ ಹಲವು ಲಕ್ಷ. ನಾವು ಎಲ್ಲಿಂದ ತರೋಣ?

ಇ.ಎಸ್.ಐ. ಇದೆಯಲ್ಲ! 1952ರ ಫೆಬ್ರವರಿ 24ರಂದು ಕಾನ್ಪುರದಲ್ಲೂ ಇದೇ ದಿಲ್ಲಿಯಲ್ಲೂ ಅದು ಆರಂಭವಾಯಿತು. 2019ರ ಜುಲೈಯಿಂದ ಸಂಬಳದ ನೂರು ರೂಪಾಯಿಗೆ 75 ಪೈಸೆ ನಮ್ಮದು, 3 ರೂಪಾಯಿ 25 ಪೈಸೆ ಮಾಲಿಕರದು. ಧರ್ಮಕ್ಕೆ ಕೊಡುವುದೇನಲ್ಲ, ನಮ್ಮ ದುಡ್ಡೇ. ಆದರೆ ಆ ದುಡ್ಡು ಕಾಗದದ ಮೇಲಿನ ಮಾತನ್ನು ನೋಡಿ ಹೊರಬರುತ್ತದೆ.

ಆಸ್ಪತ್ರೆಯವರು ಪ್ರತಿ ರೋಗಕ್ಕೂ ಒಂದು ಸಂಕೇತ ಹಾಕುತ್ತಾರೆ. ಪಾರ್ಕಿನ್‌ಸನ್‌ಗೆ ಜಿ-20. (2023ರಲ್ಲಿ ದಿಲ್ಲಿಯ ಗೋಡೆಗೋಡೆಯ ಮೇಲಿದ್ದ ಜಿ-20 ಬೇರೆ!) ಬರೀ 'ನಡುಕ' ಎಂದರೆ ಆರ್-25.1. ದೀರ್ಘ ಕಾಯಿಲೆಗೆ ಇ.ಎಸ್.ಐ. ಕೊಡುವ ವಿಸ್ತೃತ ಭತ್ಯೆಯ 34 ರೋಗಗಳ ಪಟ್ಟಿಯಲ್ಲಿ ಪಾರ್ಕಿನ್‌ಸನ್ ಇದೆ, ನಡುಕ ಇಲ್ಲ. ಎರಡು ವರ್ಷ ಬಿಡದೆ ದುಡಿದು 156 ದಿನಗಳ ವಂತಿಗೆ ಸಂದವನಿಗೆ ಕೂಲಿಯ ನೂರಕ್ಕೆ 80ರಂತೆ ಸಿಗುವ ಭತ್ಯೆಯದು. ಅವಸರದ ಡಾಕ್ಟರು 'ನಡುಕ' ಎಂದು ಗೀಚಿದರೆ ಆ ಮನೆಯ ಒಲೆಗೆ ಕುತ್ತು. ಇಲ್ಲದ ರೋಗ ಬರೆಸಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಇರುವ ರೋಗದ ಹೆಸರನ್ನು ಪೂರ್ತಿ ಬರೆಯಿರೆಂದು ಕೇಳಲು ಏಕೆ ಅಂಜಬೇಕು?

ಬಿಲ್ಲಿನ ವಿಷಯ ನಮಗೆ ಯಾರೂ ಕಲಿಸಬೇಕಾಗಿಲ್ಲ. ಪ್ಲೇಟ್ ಊಟದ ದರದೊಳಗೆ ಅನ್ನ, ಸಾರು, ಪಲ್ಯ, ಗಟ್ಟಿಮೊಸರು ಬೇರೆ. ಇಲ್ಲೂ ಹಾಗೆಯೇ. ಒಪ್ಪಂದದ ಖಾಸಗಿ ಆಸ್ಪತ್ರೆಗಳಿಗೆ ಕೇಂದ್ರ ಸರಕಾರಿ ನೌಕರರ ಆರೋಗ್ಯ ಯೋಜನೆಯ ದರವೇ ಅಳತೆ. ಮಂಚ, ಆಪರೇಷನ್ ಕೋಣೆ, ಡಾಕ್ಟರ ಫೀಜು ಒಂದೇ ದರದಲ್ಲಿ. ದೇಹದೊಳಗಿಡುವ ಸಾಮಾನು ಬೇರೆ. ಆದ್ದರಿಂದ ತಂತಿಗೆಷ್ಟು, ಜೋಡಿಸುವ ತಂತಿಗೆಷ್ಟು, ಯಂತ್ರಕ್ಕೆಷ್ಟು ಎಂದು ಬಿಡಿಸಿ ಬರೆಸಿರಿ. ಡಬ್ಬಿಯ ಮೇಲಿನ ನಂಬರಿನ ಚೀಟಿಯ ನಕಲು ಮನೆಯಲ್ಲಿರಲಿ. ಎಲ್ಲಕ್ಕೂ ಮೊದಲು ಇ.ಎಸ್.ಐ. ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಬೇಕು. ಚೀಟಿಯಿಲ್ಲದೆ ನೇರ ಒಳಹೊಕ್ಕು, ಆಮೇಲೆ ಬಿಲ್ಲು ಹಿಡಿದು ಅಲೆದವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಬಿಲ್ಲನ್ನು ಯಾರೂ ಮೊದಲೇ ಹೇಳುವುದಿಲ್ಲ. ಚಾರ್ಜ್ ಮಾಡಲಾಗದ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೆ ಮುಗಿಯುತ್ತದೆ. ಮತ್ತೆ ಎದೆ ಕೊಯ್ದು ಹೊಸ ಯಂತ್ರವಿಡಬೇಕು. ಅಷ್ಟರಲ್ಲಿ ಕೆಲಸ ಬಿಟ್ಟಿದ್ದರೆ? ಹೋಟೆಲು ಮುಚ್ಚಿದ್ದರೆ? ಚಾರ್ಜ್ ಮಾಡಬಹುದಾದದ್ದು ಹೆಚ್ಚು ವರ್ಷ ಬಾಳುತ್ತದೆ, ಬೆಲೆಯೂ ಹೆಚ್ಚು. ಯಾವುದನ್ನು ಇಡುತ್ತೀರಿ, ಮುಂದಿನದಕ್ಕೆ ಕೊಡುವವರು ಯಾರು ಎಂದು ಆಪರೇಷನ್ನಿಗೆ ಮೊದಲೇ ಕೇಳಿರಿ.

ನಿಮ್ಮಲ್ಲಿ ಯಾರಿಗಾದರೂ, ಯಾರ ತಂದೆತಾಯಿಗಾದರೂ ಇಂಥ ಕಾಗದಗಳಿದ್ದರೆ ಆದಿತ್ಯವಾರ ಸಂಘಕ್ಕೆ ತನ್ನಿ. ಇಂಗ್ಲಿಷ್ ಬಾರದಿದ್ದರೆ ಚಿಂತೆಯಿಲ್ಲ, ಕೂತು ಓದೋಣ.