ಕಾಣದ್ದೆಲ್ಲ ಕಳೆದುಹೋದದ್ದಲ್ಲ



ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೋ ಶಾಲೆಯ ಪ್ರಯೋಗಾಲಯದ ಮೂಲೆಯಲ್ಲೋ ವಿಂಡೋಸ್ 98 ಇರುವ ಹಳೆಯ ಕಂಪ್ಯೂಟರೊಂದು ಇನ್ನೂ ಇದ್ದೀತು. ಅದನ್ನು ಗುಜರಿಗೆ ಹಾಕುವ ಮೊದಲು ಹಿರಿಯರನ್ನು ಕೇಳಿ ಒಮ್ಮೆ ನಡೆಸಿ ನೋಡಿ. ಇಂದು ಅದರ ಒಂದು ಪುಟ್ಟ ತಂತ್ರಾಂಶದ ಬಗ್ಗೆ ಮಾತನಾಡೋಣ. ಅದರ ಹೆಸರು 'ಟ್ವೀಕ್ ಯುಐ'.

ವಿಂಡೋಸ್ ತನ್ನ ಬಹುತೇಕ ಸೆಟ್ಟಿಂಗ್‌ಗಳನ್ನು 'ರಿಜಿಸ್ಟ್ರಿ' ಎಂಬ ದಫ್ತರಿನಲ್ಲಿ ಬರೆದಿಡುತ್ತದೆ. ಅವುಗಳಲ್ಲಿ ಕೆಲವನ್ನು ಮಾತ್ರ ನಾವು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬದಲಾಯಿಸಬಹುದು. ಉಳಿದವಕ್ಕೆ ದಫ್ತರನ್ನೇ ತೆರೆಯಬೇಕು. ಅಲ್ಲಿ ಕೈತಪ್ಪಿದರೆ ಯಂತ್ರವೇ ಏಳದೆ ಹೋಗಬಹುದು. ಆ ಕೆಲಸವನ್ನು ಸುಲಭವಾಗಿಸಿದ್ದು ಟ್ವೀಕ್ ಯುಐ. ಇದನ್ನು ಬರೆದವರು ಮೈಕ್ರೋಸಾಫ್ಟ್‌ನವರೇ ಆದರೂ ಕಂಪನಿ ಇದಕ್ಕೆ ಅಧಿಕೃತ ಬೆಂಬಲ ಕೊಡಲಿಲ್ಲ. ಬಳಸಿ ಕೆಟ್ಟರೆ ಹೊಣೆ ನಮ್ಮದೇ.

ಒಂದು ಉದಾಹರಣೆ. ಮೆನುವಿನ ಮೇಲೆ ಮೌಸ್ ಇಟ್ಟರೆ ಒಳಮೆನು ತೆರೆಯಲು ಸುಮಾರು 400 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಹಿಡಿಯುತ್ತದೆ. ಅದು ಯಂತ್ರದ ನಿಧಾನವಲ್ಲ, ಬೇಕೆಂದೇ ಇಟ್ಟ ಕಾಯುವಿಕೆ. ಟ್ವೀಕ್ ಯುಐನ 'ಮೌಸ್' ಪುಟದಲ್ಲಿ ಗುಂಡಿಯೊಂದನ್ನು ಪಕ್ಕಕ್ಕೆ ಎಳೆದರೆ ಹಳೆಯ ಯಂತ್ರವೂ ಚುರುಕಾದಂತೆ ಕಾಣುತ್ತದೆ.

ನಾನು ಬಿ.ಎಸ್ಸಿ. ಓದುತ್ತಿದ್ದಾಗ ಇದರ ರುಚಿ ಹತ್ತಿತು. ಒಂದು ಸಂಜೆ ಪ್ರಯೋಗಾಲಯದಲ್ಲಿ 'ಮೈ ಕಂಪ್ಯೂಟರ್' ಪುಟ ತೆರೆದು, ಡಿ ಡ್ರೈವಿನ ಮುಂದಿದ್ದ ಗುರುತನ್ನು ತೆಗೆದೆ. ಏನಾಗುತ್ತದೆ ಎಂಬ ಕುತೂಹಲ, ಅಷ್ಟೆ. ಮರುದಿನ ಬೆಳಿಗ್ಗೆ ಡಿ ಡ್ರೈವೇ ಮಾಯ! ಅಂತಿಮ ವರ್ಷದವರ ಪ್ರಾಜೆಕ್ಟ್ ವರದಿಗಳೆಲ್ಲ ಅದರಲ್ಲಿದ್ದವು. ಡಿಸ್ಕ್ ಕೆಟ್ಟಿದೆ ಎಂದು ಸಹಾಯಕರು ಫಾರ್ಮ್ಯಾಟ್ ಮಾಡಲು ಕುಳಿತಿದ್ದರು. ಒಂದು ಕ್ಷಣ ಸುಮ್ಮನಿರೋಣವೆನಿಸಿತು. ಆದರೆ ಸುಮ್ಮನಿದ್ದರೆ ಹಿರಿಯ ವಿದ್ಯಾರ್ಥಿಗಳ ವರ್ಷದ ದುಡಿಮೆ ಅಳಿಸಿಹೋಗುತ್ತಿತ್ತು. ಎದ್ದು ನಿಂತು ಹೇಳಿದೆ.

ನಮ್ಮ ಮೇಷ್ಟ್ರು ಗದರಲಿಲ್ಲ. "ಏನು ಬದಲಾಯಿಸಿದೆಯಪ್ಪಾ? ಬರೆದಿಟ್ಟಿದ್ದೀಯಾ?" ಎಂದರು. "ಇಲ್ಲ ಸರ್" ಎಂದೆ. ಅವರು ಡಾಸ್ ಕಿಟಕಿ ತೆರೆದು ಡಿ ಡ್ರೈವಿನ ಪಟ್ಟಿ ತರಿಸಿದರು. ಫೈಲುಗಳೆಲ್ಲ ಇದ್ದಲ್ಲೇ ಇದ್ದವು! ನಾನು ತೆಗೆದದ್ದು ಡ್ರೈವನ್ನಲ್ಲ, ಅದರ ಚಿತ್ರವನ್ನು ಮಾತ್ರ.

ಅದರ ಒಳಗುಟ್ಟು ಸೊಗಸಾದ ಗಣಿತ. ರಿಜಿಸ್ಟ್ರಿಯಲ್ಲಿ 'ನೋಡ್ರೈವ್ಸ್' ಎಂಬ ಒಂದು ಸಂಖ್ಯೆ ಇದೆ. ಎ ಡ್ರೈವಿಗೆ 1, ಬಿಗೆ 2, ಸಿಗೆ 4, ಡಿಗೆ 8; ಹೀಗೆ ಪ್ರತಿ ಅಕ್ಷರಕ್ಕೂ ಹಿಂದಿನದರ ಎರಡರಷ್ಟು. ಡಿ ಮಾತ್ರ ಮರೆಯಾಗಬೇಕಾದರೆ 8, ಸಿ ಮತ್ತು ಡಿ ಎರಡೂ ಮರೆಯಾಗಬೇಕಾದರೆ 12. ಯಾವ ಮೊತ್ತ ಕೊಟ್ಟರೂ ಯಾವ ಯಾವ ಡ್ರೈವು ಎಂದು ಒಂದೇ ರೀತಿಯಲ್ಲಿ ಬಿಡಿಸಬಹುದು. ತರಗತಿಯಲ್ಲಿ ನೀವು ಕಲಿಯುವ ದ್ವಿಮಾನ ಪದ್ಧತಿ ಇದೇ.

ಅಂದು ಕಲಿತ ಮೂರು ಪಾಠಗಳು. ಒಂದು, ಬದಲಾಯಿಸುವ ಮೊದಲು ಹಳೆಯ ಬೆಲೆಯನ್ನು ನೋಟ್‌ಪುಸ್ತಕದಲ್ಲಿ ಬರೆಯಿರಿ. ಎರಡು, ಒಮ್ಮೆಗೆ ಒಂದನ್ನೇ ಬದಲಾಯಿಸಿ; ಪರಿಣಾಮ ನೋಡಿ ಮುಂದುವರಿಯಿರಿ. ಮೂರು, ಹಿಂದಿರುಗುವ ದಾರಿ ತಿಳಿದಿರಲಿ. ವಿಂಡೋಸ್ 98 ರಿಜಿಸ್ಟ್ರಿಯ ಐದು ಪ್ರತಿಗಳವರೆಗೆ ತಾನೇ ಕಾಪಾಡುತ್ತದೆ; ಡಾಸ್‌ನಲ್ಲಿ 'ಸ್ಕ್ಯಾನ್‌ರೆಗ್' ಆದೇಶದಿಂದ ಹಳೆಯದನ್ನು ಮರಳಿಸಬಹುದು.

ಒಂದು ಎಚ್ಚರಿಕೆ: ಈ ವಿಂಡೋಸ್‌ಗೆ ಸುರಕ್ಷತಾ ಬೆಂಬಲ 2006ರಲ್ಲೇ ನಿಂತಿದೆ. ಅಂಥ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸಬೇಡಿ.

ಇಂದು ನಿಮ್ಮ ಕೈಯಲ್ಲಿರುವ ಫೋನಿನ ಸೆಟ್ಟಿಂಗ್‌ಗಳಿಗೂ ಈ ಮೂರು ಪಾಠಗಳು ಸಲ್ಲುತ್ತವೆ. ಕುತೂಹಲ ತಪ್ಪಲ್ಲ ಮಿತ್ರರೇ. ಅದರ ಜೊತೆಗೊಂದು ನೋಟ್‌ಪುಸ್ತಕ, ತಪ್ಪಿದಾಗ ಒಪ್ಪಿಕೊಳ್ಳುವ ಧೈರ್ಯ ಇದ್ದರಾಯಿತು.