ಕಾಯಿದೆಯ ಕಣ್ಣಿನಲ್ಲಿ ಧರ್ಮ

ಬಸವಣ್ಣನವರ ಬಾಗೇವಾಡಿಯಲ್ಲಿ ಲಿಂಗಾಯತರ ಮನೆಯ ಮದುವೆಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯಿದೆ. ವೀರಶೈವ, ಲಿಂಗಾಯತ ಎಂಬ ಹೆಸರುಗಳು ಅದರ ಎರಡನೆಯ ಕಲಮಿನಲ್ಲಿಯೇ ಇವೆ. ಅಷ್ಟರಿಂದ ಧರ್ಮ ಯಾವುದೆಂಬ ಪ್ರಶ್ನೆ ತೀರಿತೇ? ಇಲ್ಲ, ಬೌದ್ಧ, ಜೈನ, ಸಿಖ್ಖರಿಗೂ ಅದೇ ಕಾಯಿದೆ. ಅದು ಮದುವೆಯ ಕಟ್ಟಳೆ, ನಂಬಿಗೆಯ ನಿರ್ಣಯವಲ್ಲ.

ಧರ್ಮವೆಂದರೇನೆಂಬುದನ್ನು 1954ರಲ್ಲಿ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿಚಾರಿಸಿತು. ದೇವರನ್ನೊಪ್ಪದ ಬೌದ್ಧ, ಜೈನಗಳೂ ಧರ್ಮಗಳೇ. ನಂಬಿಗೆಯಷ್ಟೇ ಅಲ್ಲ, ಆಚಾರವೂ ಧರ್ಮದ ಅಂಗವೆಂದಿತು.

2018ರಲ್ಲಿ ಲಿಂಗಾಯತವನ್ನು ಪ್ರತ್ಯೇಕ ಧರ್ಮವೆಂದು ಮನ್ನಿಸಬೇಕೆಂದು ಕರ್ನಾಟಕ ಸರಕಾರ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿ ಇದನ್ನು ವಾದಿಸುವವರು ಒಂದು ಮಾತು ನೆನೆಯಬೇಕು. ಮನ್ನಣೆ ಕೇಳುವುದು ನಾಗರಿಕರ ಹಕ್ಕು. ಆದರೆ ದಫ್ತರದಲ್ಲಿ ಯಾವ ಹೆಸರಿದ್ದರೂ, ಅಂಗೈಯ ಇಷ್ಟಲಿಂಗದ ಪೂಜೆಗೆ ಸಂವಿಧಾನದ 25ನೆಯ ಅನುಚ್ಛೇದದ ರಕ್ಷಣೆ ಇದ್ದೇ ಇದೆ.