ಹಳೆಯ ಪೆಟ್ರೋಲ್ ಜೀಪಿಗೆ ಹೊಸ ಕಿಡಿ

ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಸುತ್ತಿನ ತೋಟಗಳಲ್ಲಿ ಇವತ್ತಿಗೂ ಹಳೆಯ ಪೆಟ್ರೋಲ್ ಜೀಪುಗಳು ಓಡಾಡುತ್ತಿವೆ. ಗೊಬ್ಬರ ತರುವುದಕ್ಕೂ ಅದೇ, ಕಾಫಿ ಮೂಟೆ ಸಾಗಿಸುವುದಕ್ಕೂ ಅದೇ, ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ. ಇಂಥ ಗಾಡಿಗೆ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಬಹುದೆ, ಹಾಕುವುದಾದರೆ ತಂತಿ ಜೋಡಿಸುವುದು ಹೇಗೆ ಎಂದು ಹಲವರು ಕೇಳಿದ್ದೀರಿ. ಈ ಹೊತ್ತು ಅದರ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ. ಡೀಸೆಲ್ ಗಾಡಿಯವರಿಗೆ ಇದು ಬೇಕಾಗಿಲ್ಲ; ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ.

ಮೊದಲು ಹಳೆಯ ಏರ್ಪಾಡನ್ನು ತಿಳಿಯೋಣ. ಪಂಪಿನ ಪೈಪಿನಲ್ಲಿ ರಭಸದಿಂದ ಹರಿಯುವ ನೀರನ್ನು ಫಕ್ಕನೆ ತಡೆದರೆ ಏನಾಗುತ್ತದೆ? ಪೈಪು ಧಡ್ ಎಂದು ಹೊಡೆದುಕೊಳ್ಳುತ್ತದೆ. ಇಗ್ನಿಷನ್ ಕಾಯಿಲಿನ ಕೆಲಸವೂ ಹೀಗೆಯೇ. ಬ್ಯಾಟರಿಯ ವಿದ್ಯುತ್ತು ಕಾಯಿಲಿನಲ್ಲಿ ಹರಿಯುತ್ತಿರುವಾಗ ಪಾಯಿಂಟು ಫಕ್ಕನೆ ತೆರೆದುಕೊಂಡು ಅದನ್ನು ತಡೆಯುತ್ತದೆ. ಆ ಏಟಿಗೆ 12 ವೋಲ್ಟು ಹತ್ತಾರು ಸಾವಿರ ವೋಲ್ಟಾಗಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಪಾಯಿಂಟು 4000 ಸಲ ತೆರೆದು ಮುಚ್ಚಬೇಕು. ಇಷ್ಟು ದುಡಿದ ಮೇಲೆ ಅದು ಸುಡದೆ, ಸವೆಯದೆ ಇರುತ್ತದೆಯೆ? ಅದು ಸವೆದ ಹಾಗೆಲ್ಲಾ ಟೈಮಿಂಗ್ ತಪ್ಪುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ.

ಎಲೆಕ್ಟ್ರಾನಿಕ್ ಕಿಟ್ಟಿನಲ್ಲಿ ಒಂದಕ್ಕೊಂದು ತಾಗಿ ಸವೆಯುವ ಭಾಗವಿಲ್ಲ. ರೋಟರಿನ ಕೆಳಗೆ ಅಯಸ್ಕಾಂತದ ಬಳೆಯೊಂದು ತಿರುಗುತ್ತದೆ, ಪಕ್ಕದ ಪುಟ್ಟ ಪೆಟ್ಟಿಗೆ ಅದನ್ನು ಗುರುತಿಸಿ ವಿದ್ಯುತ್ತನ್ನು ತಡೆಯುತ್ತದೆ. ಒಳ್ಳೆಯ ವಸ್ತುವೇ ಸರಿ. ಆದರೆ ಅವಸರದಿಂದ ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಎರಡು ಮಳೆಗಾಲದ ಹಿಂದಿನ ಮಾತು. ನಮ್ಮ ಹೋಬಳಿಯ ರೈತರೊಬ್ಬರು ಕಿಟ್ ತಂದಿದ್ದರು. ನಾನೂ ಜೊತೆಯಲ್ಲಿ ನಿಂತು ಹಾಕಿಸಿದೆ. ಎರಡು ವಾರ ಜೀಪು ಚೆನ್ನಾಗಿ ಓಡಿತು. ಒಂದು ರಾತ್ರಿ ಅವರ ತಾಯಿಗೆ ಉಬ್ಬಸ ಹೆಚ್ಚಾಯಿತು. ಸುರಿಯುವ ಮಳೆಯಲ್ಲಿ ದೀಪ, ವೈಪರು ಎರಡನ್ನೂ ಹಾಕಿಕೊಂಡು ಹೊರಟರು. ಘಾಟಿಯ ತಿರುವಿನಲ್ಲಿ ಜೀಪು ನಿಂತೇಹೋಯಿತು. ಪುಣ್ಯಕ್ಕೆ ಹಳೆಯ ಪಾಯಿಂಟು, ಕಂಡೆನ್ಸರು ಸೀಟಿನ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಹಾಗೆಯೇ ಇದ್ದವು. ಮಗ ಟಾರ್ಚ್ ಹಿಡಿದ, ಇವರು ಮಳೆಯಲ್ಲೇ ಅವನ್ನು ತಿರುಗಿ ಹಾಕಿದರು. ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಅವರ ತಾಯಿ ಗಾಡಿಯೊಳಗೆ ಉಸಿರಿಗೆ ಒದ್ದಾಡುತ್ತಿದ್ದರು. ಕೊನೆಗೆ ಆಸ್ಪತ್ರೆ ಸೇರಿದರು, ಗುಣವೂ ಆಯಿತು. ಮಾರನೆಯ ದಿನ ನಾನು ಹೋಗಿ ಮೀಟರ್ ಹಿಡಿದು ನೋಡಿದೆ. ಕಿಟ್ಟಿಗೆ ತಂತಿ ಎಳೆದಿದ್ದ ಜಾಗದಲ್ಲಿ 12 ವೋಲ್ಟಿನ ಅರ್ಧಕ್ಕಿಂತ ತುಸುವೇ ಹೆಚ್ಚು ಇತ್ತು. ಕಾಯಿಲಿಗಿಂತ ಮುಂಚೆ ಬಲ್ಲಾಸ್ಟ್ ರೆಸಿಸ್ಟರ್ ಇರುವುದನ್ನು ನಾವು ನೋಡಿರಲಿಲ್ಲ. ಇಲ್ಲಿಂದಲೇ ತಂತಿ ಎಳೆಯಿರಿ ಎಂದು ಬೆರಳು ತೋರಿಸಿದವನು ನಾನೇ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

ಆದ್ದರಿಂದ ಕೆಲಸದ ಕ್ರಮವನ್ನು ಗಮನವಿಟ್ಟು ಕೇಳಿ.

ಒಂದನೆಯದು, ಕಿಟ್ ಕೊಳ್ಳುವ ಮೊದಲೇ ಬ್ಯಾಟರಿ ನೋಡಿ. ತೀರ ಹಳೆಯ ಜೀಪುಗಳಲ್ಲಿ 6 ವೋಲ್ಟಿನದೂ ಉಂಟು. ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ತ್ ಆಗಿದೆ, ನೆಗೆಟಿವ್ವೋ ಪಾಸಿಟಿವ್ವೋ? ಎರಡನ್ನೂ ಬರೆದುಕೊಂಡು ಹೋಗಿ, ಅದಕ್ಕೆ ಹೊಂದುವ ಕಿಟ್ಟನ್ನೇ ತನ್ನಿ. ಅದಲುಬದಲಾದರೆ ಪೆಟ್ಟಿಗೆ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಎರಡನೆಯದು, ಕಾಯಿಲಿನ ತಂತಿಗಳನ್ನು ಬಿಚ್ಚಿ ಅದರ ಓಮ್ಸ್ ಅಳೆಸಿ. 3 ಓಮ್ಸ್ ಇದ್ದರೆ 12 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ಒಂದೂವರೆ ಓಮ್ಸ್ ಆದರೆ 8 ಆಂಪಿಯರ್. ಕಿಟ್ಟಿನ ಚೀಟಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಓಮ್ಸ್ ಇದ್ದರೆ ಆ ಕಾಯಿಲ್ ನಡೆಯುವುದಿಲ್ಲ.

ಮೂರನೆಯದು, ತಂತಿ. ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿಯೇ ಕೈಹಾಕಿ. ಹತ್ತಿರ ಬೀಡಿ ಬೇಡ. ಹೆಚ್ಚಿನ ಕಿಟ್ಟುಗಳಿಗೆ ಎರಡೇ ತಂತಿ, ಕೆಂಪು ಮತ್ತು ಕಪ್ಪು. ನೆಗೆಟಿವ್ ಅರ್ತಿನ ಗಾಡಿಯಲ್ಲಿ ಕಪ್ಪು ತಂತಿ ಕಾಯಿಲಿನ ನೆಗೆಟಿವ್‌ಗೆ. ಕೆಂಪು ತಂತಿಗೆ ಮಾತ್ರ ಪೂರ್ತಿ 12 ವೋಲ್ಟು ಬೇಕು. ಬಲ್ಲಾಸ್ಟ್ ಇದ್ದರೆ ಅದಕ್ಕಿಂತ ಮುಂಚೆ, ಕೀ ಸ್ವಿಚ್ಚಿನ ಕಡೆಯಿಂದಲೇ ಎಳೆಯಿರಿ. ಕೀ ಆನ್ ಮಾಡಿದಾಗಲೂ ಸ್ಟಾರ್ಟರ್ ತಿರುಗಿಸುವಾಗಲೂ ಅಲ್ಲಿ ವಿದ್ಯುತ್ತು ಇರಬೇಕು. ಕಾಯಿಲಿಗೆ ಬರುವ ಹಳೆಯ ತಂತಿ ಇದ್ದ ಹಾಗೆ ಬಲ್ಲಾಸ್ಟಿನ ಮೂಲಕವೇ ಬರಲಿ. ತಂತಿ ಹೊಸೆದು ಟೇಪ್ ಸುತ್ತಿದರೆ ಸಾಲದು, ಬೆಸುಗೆ ಹಾಕಿಸಿ. ಸೈಲೆನ್ಸರಿನ ಕಾವು ತಾಗದ ಕಡೆ ತಂತಿಯನ್ನು ಕಟ್ಟಿ.

ನಾಲ್ಕನೆಯದು, ಅರ್ತ್. ಎಂಜಿನ್ನಿನಿಂದ ಚಾಸಿಗೆ ಹೋಗುವ ದಪ್ಪ ತಂತಿಯ ತುದಿಗಳನ್ನು ಬಿಚ್ಚಿ, ಬಣ್ಣ, ತುಕ್ಕು ಕೆರೆದು ಬಿಗಿ ಮಾಡಿ. ಡಿಸ್ಟ್ರಿಬ್ಯೂಟರಿನ ಒಳತಟ್ಟೆಯ ಸಣ್ಣ ಅರ್ತ್ ತಂತಿ ಹರಿದಿದೆಯೆ ನೋಡಿ. ಗಾಡಿ ಆಗಾಗ ಕೆಮ್ಮುವುದು ಎಷ್ಟೋ ಸಲ ಇದರಿಂದಲೇ.

ಐದನೆಯದು, ಪ್ಲಗ್ ತಂತಿ. ಬರಿಯ ತಾಮ್ರದ ತಂತಿಯಿದ್ದರೆ ಕಿಡಿಯಿಂದ ಹೊಮ್ಮುವ ವಿದ್ಯುತ್ ಅಡಚಣೆ ಪೆಟ್ಟಿಗೆಯ ಕೆಲಸ ಕೆಡಿಸೀತು. ರೆಸಿಸ್ಟೆನ್ಸ್ ಇರುವ ತಂತಿ ಹಾಕಿಸಿ. ಒಂದು ತೆಗೆದು ಒಂದು ಹಾಕುತ್ತ ಹೋದರೆ 1-3-4-2 ಎಂಬ ಕ್ರಮ ತಪ್ಪುವುದಿಲ್ಲ.

ಕೊನೆಗೆ ಟೈಮಿಂಗ್ ಲೈಟ್ ಹಿಡಿಸಿ ನೋಡಿ. ಕಿಟ್ ಹಾಕಿದ ಮೇಲೆ ಟೈಮಿಂಗ್ ಬದಲಾಗಿಯೇ ಇರುತ್ತದೆ. ಎಂಜಿನ್ನು ನಿಂತಿರುವಾಗ ಕೀ ಆನ್ ಮಾಡಿ ಬಿಡಬೇಡಿ, ಕಾಯಿಲ್ ಕಾದು ಕೆಡುತ್ತದೆ. ಹಗಲು ಓಡಿತೆಂದು ನಂಬಬೇಡಿ. ದೀಪ, ವೈಪರು ಹಾಕಿ ಮನೆಯಂಗಳದಲ್ಲೇ ಕಾಲು ಗಂಟೆ ಪರೀಕ್ಷೆ ಮಾಡಿ.

ಇನ್ನೊಂದು ಮಾತು. ಬಿರುಕುಬಿಟ್ಟ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಕ್ಕೆ ಮಳೆಯ ತೇವ ಹೋಗುತ್ತಿದ್ದರೆ ಯಾವ ಕಿಟ್ಟೂ ಅದನ್ನು ವಾಸಿ ಮಾಡಲಾರದು. ಮೊದಲು ಮುಚ್ಚಳ ಬದಲಿಸಿ. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ, ಕಿಟ್ಟಿನ ಹಣ ಉಳಿಯುತ್ತದೆ.

ಪಾಯಿಂಟು ಕೆಟ್ಟರೆ ಉಜ್ಜಿಕೊಂಡು ಹೇಗೋ ಮನೆ ಸೇರಬಹುದು. ಪೆಟ್ಟಿಗೆ ಕೆಟ್ಟರೆ ದಾರಿಯಲ್ಲಿ ರಿಪೇರಿಯಿಲ್ಲ. ಆದ್ದರಿಂದ ಬಿಚ್ಚಿದ ಪಾಯಿಂಟು, ಕಂಡೆನ್ಸರು, ತಿರುಪು, ಫೀಲರ್ ಗೇಜು, ಸ್ಕ್ರೂಡ್ರೈವರ್, ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೀಪಿನಲ್ಲೇ ಇಡಿ. ಅವನ್ನು ತಿರುಗಿ ಹಾಕುವುದನ್ನು ಒಮ್ಮೆ ಹಗಲಲ್ಲಿ ನೀವೂ ಮಾಡಿ ನೋಡಿ, ಮನೆಯ ಮಕ್ಕಳಿಗೂ ಕಲಿಸಿ. ಕತ್ತಲೆಯಲ್ಲಿ, ಮಳೆಯಲ್ಲಿ ಅದು ಕೈಹಿಡಿಯುತ್ತದೆ.